ಗೋದಾಮಿನ ಹಿಂದಿನ ದಾರಿ

ದರ್ಜಿ ತೀರಿಕೊಂಡಾಗ ಅವನ ಹೆಂಡತಿ ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂಬುದು ಬೀದಿಗೆಲ್ಲ ಗೊತ್ತಾಗಿಹೋಗಿತ್ತು. ಅಳಬಾರದೆಂಬ ಹಟವೇನೂ ಅವಳಿಗಿರಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಒಳಗೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು. ಆ ಮನೆಯಲ್ಲಿ ಕತ್ತರಿಸುವುದು ಗಂಡನ ಕೆಲಸ, ಹೊಲಿಯುವುದು ಹೆಂಡತಿಯ ಕೆಲಸ. ಮದುವೆಯಾದಾಗಿನಿಂದ ಅವಳು ಅವನ ದೊಡ್ಡ ಕತ್ತರಿ ಮುಟ್ಟಿದವಳಲ್ಲ. ಅವನು ಕತ್ತರಿಸಿಟ್ಟು ಹೋದ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿದಳು, ಮುಗಿದ ಮೇಲೆ ಮಷೀನಿಗೆ ಬಟ್ಟೆ ಹೊದಿಸಿ ಸುಮ್ಮನಾದಳು.

ಸಂಜೆಯ ನಡಿಗೆಯೊಂದು ಉಳಿದಿತ್ತು. ದಿನವಿಡೀ ಕೂತರೆ ಕಾಲು ಹಿಡಿದುಕೊಳ್ಳುತ್ತದೆಂದು ಗಂಡನೇ ಅವಳನ್ನು ಎಬ್ಬಿಸಿಕೊಂಡು ದೊಡ್ಡ ರಸ್ತೆಯಲ್ಲಿ ಹೋಗಿ ಬರುತ್ತಿದ್ದ. ಈಗ ಒಬ್ಬಳೇ ಹೊರಟರೆ ಹೆಜ್ಜೆಹೆಜ್ಜೆಗೂ ತಡೆ. ಔಷಧಿ ಅಂಗಡಿಯವನು ಲೊಚಗುಟ್ಟುತ್ತಿದ್ದ. ಇಸ್ತ್ರಿಯವಳು ಕೈ ಹಿಡಿದುಕೊಂಡು, "ಅತ್ತುಬಿಡಮ್ಮ, ಒಳಗೇ ಇಟ್ಕೋಬೇಡ" ಎಂದು ತಾನೇ ಅತ್ತುಬಿಡುತ್ತಿದ್ದಳು. ಅವಳನ್ನು ಸಮಾಧಾನ ಮಾಡುವ ಕೆಲಸ ಇವಳಿಗೆ! ಒಂದು ಸಂಜೆ ದೂರದಲ್ಲಿ ಇಸ್ತ್ರಿಯವಳ ತಲೆ ಕಂಡದ್ದೇ ತಡ, ಕಾಲಿಗೆ ಬುದ್ಧಿ ಹೇಳಿ ಗೋದಾಮಿನ ಪಕ್ಕದ ಸಂದಿಗೆ ನುಗ್ಗಿದಳು.

ಇಷ್ಟು ವರ್ಷ ಅದನ್ನು ಬರೀ ಕಸ ಸುರಿಯುವ ಜಾಗ ಎಂದುಕೊಂಡಿದ್ದಳು. ಒಳಗೆ ಹೋದರೆ ಗೋಡೆ ಒಂದು ಕಡೆ ಬಿದ್ದಿತ್ತು, ಜನ ದಾಟಿ ದಾಟಿ ಇಟ್ಟಿಗೆ ನುಣುಪಾಗಿತ್ತು. ಆಚೆ ರೈಲು ಹಳಿಯ ಬೇಲಿಗುಂಟ ಕಾಲುದಾರಿ, ಅದರ ಕೊನೆಗೆ ಕಾಲುವೆ, ಕಾಲುವೆಯ ಏರಿಯ ಮೇಲೆ ಹೂವಿನ ಸಸಿ ಮಾರುವವಳ ತಗಡಿನ ಶೆಡ್ಡು. ಹಿತ್ತಲಿಗಿಷ್ಟು ಹತ್ತಿರ ಇನ್ನೊಂದು ಊರೇ ಇತ್ತು. ಅಲ್ಲಿ ಯಾರೂ ಅವಳ ಮುಖ ನೋಡಿ ಲೊಚಗುಟ್ಟಲಿಲ್ಲ.

"ಏನಮ್ಮ, ಒಬ್ರೇ ವಾಕಿಂಗಾ? ಯಜಮಾನ್ರು ಬರಲ್ವಾ?" ಹಳೇ ಡಬ್ಬಿಗೆ ಮಣ್ಣು ತುಂಬುತ್ತ ಸಸಿಯವಳು ಕೇಳಿದಳು.

"ಅವರಿಗೆ ಕೈತುಂಬ ಕೆಲಸ. ಬಟ್ಟೆ ಕತ್ತರಿಸ್ತಾ ನಿಂತಿದ್ದಾರೆ."

ಹೇಳಿದ್ದು ಸುಳ್ಳೆಂದು ಅವಳಿಗೆ ಅನ್ನಿಸಲೇ ಇಲ್ಲ. ಮರುದಿನ ಬೇಲಿಯ ಕೆಳಗೆ ನುಸುಳುವ ಇನ್ನೊಂದು ದಾರಿ ಕಂಡಳು, ಆಮೇಲೆ ನೀರಿನ ಟ್ಯಾಂಕು ಸುತ್ತಿ ಬರುವ ಮತ್ತೊಂದು. ಎಲ್ಲವೂ ಸುತ್ತಿ ಬಳಸಿ ಸಸಿಯವಳ ಹತ್ತಿರವೇ ಬಂದು ಸೇರುತ್ತಿದ್ದವು. ಅಥವಾ ಅವಳೇ ಹಾಗೆ ನಡೆಯುತ್ತಿದ್ದಳೋ ಏನೋ. ಆ ದಾರಿಯಲ್ಲಿ, ಅವಳು ಸಸಿಯವಳಿಗೆ ಹೇಳುವ ಮಾತಿನಲ್ಲಿ, ಗಂಡನಿಗೆ ಕೆಮ್ಮು ಬಂತು, ವಾಸಿಯಾಯಿತು. ಸಾರಿಗೆ ಉಪ್ಪು ಸಾಲದೆಂದು ಮುನಿಸಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇದು, ಒಪ್ಪೋಣ. ಆದರೆ ಆ ಹಾಲಿನಿಂದ ಯಾರ ಮನೆ ಹಾಳಾಯಿತು?

ಕುತ್ತಿಗೆಗೆ ಬಂದದ್ದು ಸಸಿಯವಳ ಪ್ರೀತಿಯಿಂದ. ಒಂದು ಸಂಜೆ ಅವಳು ಹಳದಿ ಬಟ್ಟೆಯನ್ನೂ ಅಳತೆಗೊಂದು ಹಳೇ ಫ್ರಾಕನ್ನೂ ಇವಳ ಕೈಗೆ ತುರುಕಿದಳು. "ಮೊಮ್ಮಗಳಿಗೆ. ನಿಮ್ಮ ಯಜಮಾನ್ರೇ ಕತ್ತರಿಸ್ಬೇಕು, ನೋಡಿ ಮತ್ತೆ!"

ಬಟ್ಟೆ ಮಡಿಚಿದ ಹಾಗೇ ಮೇಜಿನ ಮೇಲೆ ಉಳಿಯಿತು. ಕತ್ತರಿಸದಿದ್ದರೆ ಸುಳ್ಳು ಬಯಲಾಗುತ್ತದೆ. ತಾನೇ ಕತ್ತರಿಸಿದರೆ, ಅವನಿಲ್ಲವೆಂದು ತಾನೇ ಒಪ್ಪಿದಂತೆ. ಎರಡೂ ಅವಳ ಕೈಲಾಗಲಿಲ್ಲ.

ಅಷ್ಟರಲ್ಲಿ ನಾದಿನಿ ಬಂದು ಕೂತಳು. ದರ್ಜಿಯ ತಂಗಿ, ಅಳುವುದರಲ್ಲಿ ಅತ್ತಿಗೆಯ ಪಾಲನ್ನೂ ತಾನೇ ಅತ್ತು ತೀರಿಸಿದವಳು.

"ದಿನಾ ಎಲ್ಲಿಗೆ ಹೋಗ್ತೀಯ ಅತ್ತಿಗೆ? ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ? ಇವತ್ತು ನಾನೂ ಬರ್ತೀನಿ."

ಬೇಡವೆನ್ನಲು ನೆಪ ಹೊಳೆಯಲಿಲ್ಲ. ಸಸಿಯವಳ ಶೆಡ್ಡು ತಪ್ಪಿಸಲೆಂದು ಟ್ಯಾಂಕಿನವರೆಗೆ ಹೋಗಿ ಅಲ್ಲಿಂದಲೇ ಹಿಂತಿರುಗುವ ಯೋಚನೆ ಮಾಡಿದಳು. ಹೋಗಿ ನೋಡಿದರೆ ಅಲ್ಲೇ ನಲ್ಲಿಯ ಹತ್ತಿರ ಸಸಿಯವಳು ಬಿಂದಿಗೆ ತುಂಬಿಸುತ್ತ ಕೂತಿದ್ದಳು.

"ಏನಮ್ಮ, ಇನ್ನೂ ಕತ್ತರಿಸಿಲ್ವಾ ನಿಮ್ಮ ಯಜಮಾನ್ರು? ಮಗು ದಿನಾ ಕೇಳುತ್ತೆ."

ನಾದಿನಿ ತಿರುಗಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನೆಲ ನೋಡಿದಳು. ನಾದಿನಿ ಬಾಯಿ ತೆರೆದರೆ ಈ ದಾರಿಯಲ್ಲೂ ಅವನು ಸತ್ತುಹೋಗುತ್ತಾನೆ, ಆಮೇಲೆ ನಡೆಯಲು ಎಲ್ಲೂ ದಾರಿಯಿಲ್ಲ.

ನಾದಿನಿ ಗಂಟಲು ಸರಿಮಾಡಿಕೊಂಡಳು. "ನಮ್ಮಣ್ಣ ತಾನೇ? ಚಿಕ್ಕಂದಿನಿಂದ್ಲೂ ಹೀಗೇ. ಹತ್ತು ಸಲ ಅಳೀತಾನೆ, ಆಮೇಲೆ ಕತ್ತರಿ ಎತ್ತೋದು. ನಾನು ಬೈತೀನಿ ಬಿಡಿ. ನಾಳೆ ಕೊಡ್ತೀವಿ."

ವಾಪಸು ಬರುವಾಗ, ಬಿದ್ದ ಗೋಡೆ ದಾಟಲು ನಾದಿನಿ ಕೈ ಕೊಟ್ಟಳು, ದಾಟಿದ ಮೇಲೂ ಬಿಡಲಿಲ್ಲ. ಮನೆಗೆ ಬಂದವಳೇ ನೇರ ಮೇಜಿನ ಹತ್ತಿರ ಹೋಗಿ, ಹಳದಿ ಬಟ್ಟೆ ಹರಡಿ, ತುದಿಗಳನ್ನು ಬಿಗಿಯಾಗಿ ಹಿಡಿದಳು.

"ಕತ್ತರಿಸು ಅತ್ತಿಗೆ. ನಾಳೆ ಅಂತ ಹೇಳಿಬಿಟ್ಟಿದ್ದೀನಿ."

ಕತ್ತರಿ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹೆಬ್ಬೆರಳ ಹಿಡಿ ಅವನ ಬೆರಳಿಗೆ ಸವೆದು ಅಗಲವಾಗಿತ್ತು, ಅವಳ ಬೆರಳು ಅದರೊಳಗೆ ಅಲ್ಲಾಡುತ್ತಿತ್ತು. ಹಳೇ ಫ್ರಾಕು ಇಟ್ಟು ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದಳು. ಗೆರೆಗುಂಟ ಕತ್ತರಿಸುತ್ತ ಹೋದಳು. ಅರ್ಧಕ್ಕೆ ಬರುವಷ್ಟರಲ್ಲಿ ಗೆರೆ ಕಾಣದಾಯಿತು.

"ಬಟ್ಟೆ ಒದ್ದೆ ಆಗ್ತಿದೆ, ಅತ್ತಿಗೆ" ಎಂದಳು ನಾದಿನಿ, ತುದಿ ಬಿಡದೆ. "ಆಗ್ಲಿ. ನೀನು ಕತ್ತರಿಸು."