ಪಂಪಿಗೆ ಸುತ್ತಿದ ಬಟ್ಟೆ

ತೆರಕಣಾಂಬಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಕಾರು ಮತ್ತೆ ಜಗ್ಗಿ ಜಗ್ಗಿ ನಿಂತುಹೋಯಿತು. ಮಲ್ಲೇಶ ಸೆಲ್ಫ್ ಹೊಡೆದ. ಇಂಜಿನ್ನು ಗೊರಗುಟ್ಟಿತೇ ಹೊರತು ಹತ್ತಲಿಲ್ಲ.

ಚಾಮರಾಜನಗರದಲ್ಲಿ ಒಂದೇ ಏಟಿಗೆ ಸ್ಟಾರ್ಟಾಗಿತ್ತು. ಬಿಸಿಲೇರಿ ಇಂಜಿನ್ನು ಕಾದರೆ ಸಾಕು, ಈ ಆಟ. ಪ್ಲಗ್ಗು ಬದಲಿಸಿದ್ದ, ಕಾರ್ಬೊರೇಟರ್ ಬಿಚ್ಚಿಸಿ ತೊಳೆಸಿದ್ದ. ಮಾವ ತೀರಿಕೊಂಡ ಮೇಲೆ ಹೆಂಡತಿ ನಾಗರತ್ನಳ ತವರಿನಿಂದ ಬಂದ ಹಳೇ ಕಾರು ಅದು. ಮಾವನ ಕಾಲದಲ್ಲಿ ಅದನ್ನು ಓಡಿಸುತ್ತಿದ್ದವನು ಶಿವಮೂರ್ತಿ, ಅವಳ ಸೋದರಮಾವನ ಮಗ. ಅವಳನ್ನು ಅವನಿಗೇ ಕೊಡುವುದೆಂದು ಆಗ ಮಾತಾಗಿತ್ತು. ಇವತ್ತು ತೆರಕಣಾಂಬಿಯಲ್ಲಿ ಅವನ ಹೊಸ ಮನೆಯ ಗೃಹಪ್ರವೇಶ. ಬಸ್ಸಿಗೆ ಹೋಗೋಣ ಎಂದವಳನ್ನು ಮಲ್ಲೇಶ ಹಟ ಹಿಡಿದು ಕಾರಿನಲ್ಲಿ ಕರೆತಂದಿದ್ದ. ಅದೀಗ ಯಾರ ಕೈಯಲ್ಲಿದೆ ಎಂಬುದನ್ನು ಶಿವಮೂರ್ತಿ ನೋಡಬೇಕಿತ್ತು.

ಬಾನೆಟ್ ಎತ್ತಿದಾಗ ಕಾವು ಮುಖಕ್ಕೆ ಬಡಿಯಿತು. ನಾಗರತ್ನ ನೀರಿನ ಬಾಟಲಿ ಹಿಡಿದು ಬಂದು ಬಗ್ಗಿ ನೋಡಿದಳು.

"ಪಂಪಿಗೆ ಸುತ್ತಿದ್ ಬಟ್ಟೆ ಎಲ್ಲಿ?"

"ಯಾವ್ ಬಟ್ಟೆ?"

"ಅದೇ, ನನ್ ಹಸ್ರು ದಾವಣಿ ತುಂಡು. ಕಾವಿಗೆ ಪೆಟ್ರೋಲು ಪಂಪಲ್ಲೇ ಆವಿ ಆಗ್ಬುಡ್ತದೆ, ಮುಂದ್ಕೆ ಹೋಗಲ್ಲ. ಅದ್ಕೇ ಶಿವಮೂರ್ತಿ ಬಾವ ಒದ್ದೆ ಬಟ್ಟೆ ಸುತ್ತಿ ಮಡಗ್ತಿದ್ರು."

ಕಾರು ಮನೆಗೆ ಬಂದ ದಿನ ಇಂಜಿನ್ನು ತೊಳೆಯುವಾಗ ಕೈಗೆ ಸಿಕ್ಕಿದ, ಎಣ್ಣೆ ಕುಡಿದು ಕಪ್ಪಾಗಿದ್ದ ಚಿಂದಿ ಮಲ್ಲೇಶನಿಗೆ ನೆನಪಾಯಿತು.

"ಗಲೀಜು ಅಂದ್ಕಂಡು ಕಿತ್ತು ಬಿಸಾಕ್ಬುಟ್ಟೆ."

ನಾಗರತ್ನ ನಕ್ಕಳು. "ಅಯ್ಯೋ! ಚೆನ್ನಾಗ್ ರಿಪೇರಿ ಮಾಡುದ್ರಿ ಕಣ್ರೀ!"

"ನಿಮ್ ಬಾವನ್ಗೆ ಬ್ಯಾರೆ ಬಟ್ಟೆ ಸಿಕ್ನಿಲ್ವಾ?"

ನಗು ನಿಂತಿತು. "ಹರ್ದಿತ್ತು. ನಾನೇ ಕೊಟ್ಟೆ."

ಅವಳು ಸೊಂಟದಿಂದ ಕರ್ಚೀಫು ತೆಗೆದಳು. ಅವನು ಬೇಡವೆಂದು ತನ್ನ ಹೆಗಲ ಮೇಲಿದ್ದ ಜರಿಯಂಚಿನ ಹೊಸ ಟವೆಲ್ಲನ್ನೇ ಒದ್ದೆ ಮಾಡಿ ಪಂಪಿಗೆ ಸುತ್ತಿ, ಹಲ್ಲುಕಚ್ಚಿ ಗಂಟು ಬಿಗಿದ.

"ಅಷ್ಟ್ ಬಿಗಿ ಬ್ಯಾಡ, ಬಾವ ಆದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿ ಬಾಟಲಿಯ ಮುಚ್ಚಳ ತಿರುಗಿಸಿದಳು.

ಸ್ವಲ್ಪ ಹೊತ್ತು ಕಾದರು. ಕಾರು ಹತ್ತಿತು. ಶಿವಮೂರ್ತಿಯ ಹೊಸ ಮನೆಯ ಮುಂದೆ ಮಲ್ಲೇಶ ಇಂಜಿನ್ನು ಆರಿಸದೆಯೇ ಕಾರು ನಿಲ್ಲಿಸಿದ.

ಶಾಮಿಯಾನದ ಕೆಳಗಿನಿಂದ ಶಿವಮೂರ್ತಿ ಹಣೆಯ ತುಂಬ ವಿಭೂತಿ ಬಳಿದುಕೊಂಡು ಓಡಿಬಂದ. ಕಾರಿನ ಬಾಗಿಲ ಬಳಿಗೆ ಬರುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತ, ಹಸುವಿನ ಮೈ ಸವರುವವನ ಹಾಗೆ.

"ಸೌಂಡು ಹಂಗೇ ಅದೆ ಕಣಣ್ಣ! ಬಾ ಕಣಮ್ಮಿ ರತ್ನಿ. ಆಫ್ ಮಾಡಣ್ಣ, ಎಲೆ ಹಾಕವ್ರೆ, ಊಟಕ್ಕೆ ಕೂರನ."

ನಾಗರತ್ನಳನ್ನು ಕಟ್ಟಿಕೊಂಡವನು ಸಂಬಂಧದ ಲೆಕ್ಕದಲ್ಲಿ ಅವನಿಗೆ ಅಣ್ಣ. ಮದುವೆಯ ಮಾರನೇ ದಿನದಿಂದಲೂ ಅವನು ಹಾಗೇ ಕರೆಯುತ್ತಿದ್ದ. ಆದರೆ ರತ್ನಿ ಎಂಬ ಹೆಸರನ್ನು ಮಲ್ಲೇಶ ಕೇಳಿದ್ದು ಇದೇ ಮೊದಲು.

"ನೀವ್ ನಡೀರಿ, ಬತ್ತೀನಿ," ಎಂದ. ಕೀಲಿಯ ಮೇಲಿದ್ದ ಕೈ ತಿರುಗಲಿಲ್ಲ. ಈಗ ಆಫ್ ಮಾಡಿ ಮತ್ತೆ ಹತ್ತದಿದ್ದರೆ, ಬಾನೆಟ್ ಎತ್ತುವವನು ಶಿವಮೂರ್ತಿಯೇ.

ನಾಗರತ್ನ ಇಳಿದು, ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಒಳಗಿನಿಂದ ಅವಳ ನಗು ಕೇಳಿಸಿತು. ಮಲ್ಲೇಶ ಆಕ್ಸಿಲರೇಟರಿನ ಮೇಲೆ ಕಾಲಿಟ್ಟುಕೊಂಡು ಕುಳಿತೇ ಇದ್ದ. ಟವೆಲ್ಲಿನಿಂದ ತೊಟ್ಟಿಕ್ಕುತ್ತಿದ್ದ ನೀರು ಕಾರಿನಡಿಯ ರಂಗೋಲಿಯ ಒಂದು ಎಸಳನ್ನು ನಿಧಾನವಾಗಿ ಕರಗಿಸುತ್ತಿತ್ತು.