ಕೂಗುವುದು ನನ್ನ ಕೆಲಸ

ನಾನು ಒಂದು ಕೈಮೈಕು. ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಕೆಂಪು ಪ್ಲಾಸ್ಟಿಕ್ಕಿನ ಅಗಲ ಬಾಯಿ, ಒಂದು ಹಿಡಿಕೆ, ಹೊಟ್ಟೆಯಲ್ಲಿ ಬ್ಯಾಟರಿ. ಮಾಡಿದವರು ನನಗೆ ಒಂದೇ ಗುಣ ಕೊಟ್ಟು ಕಳಿಸಿದರು: ನೀವು ಮೆಲ್ಲಗೆ ಮಾತಾಡಿ, ಕೂಗುವ ಕೆಲಸ ನನಗಿರಲಿ.

ಹುಬ್ಬಳ್ಳಿಯಲ್ಲಿ ಚಾದರ ಮಾರುವ ನಿಂಗಪ್ಪ ನನ್ನ ಮೊದಲ ಧಣಿ. ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಲೆಅಡಿಕೆ ಜಗಿಯುತ್ತ ಗುನುಗಿದರೂ ಸಾಕು, ಇಡೀ ಓಣಿಗೆ ಕೇಳಿಸುತ್ತಿದ್ದೆ. ರೆಕಾರ್ಡ್ ಮಾಡಿದ ಮಾತನ್ನೇ ತಿರುತಿರುಗಿ ಹೇಳುವ ಪೆಟ್ಟಿಗೆ ಬಂದ ಮೇಲೆ ಆತ ನನ್ನನ್ನು ಪಕ್ಕದ ಮನೆಯ ಫಕೀರವ್ವನಿಗೆ ಕೊಟ್ಟುಬಿಟ್ಟ.

ಫಕೀರವ್ವ ರೈಲುಹಳಿ ಪಕ್ಕದ ಆ ಓಣಿಯ ಹೆಂಗಸರ ಸಂಘದ ಮುಂದಾಳು. ನಲ್ಲಿಯಲ್ಲಿ ನೀರು ಬರದಿದ್ದರೂ, ರೇಷನ್ ಅಂಗಡಿ ತೆರೆಯದಿದ್ದರೂ ಆಕೆಯೇ ಮುಂದೆ. ಬರಿಗಂಟಲಲ್ಲಿ ಕೂಗಿ ರೂಢಿಯಾದವಳು, ನಾನು ಸಿಕ್ಕ ಮೇಲೂ ಆ ರೂಢಿ ಬಿಡಲಿಲ್ಲ. ನನ್ನನ್ನು ಬಾಯಿಗಿಟ್ಟುಕೊಂಡೇ ಕಿರುಚುತ್ತಿದ್ದಳು. ನನಗೆ ಸಿಟ್ಟೇ ಬರುತ್ತಿತ್ತು. ಹಾಗಾದರೆ ನಾನಿರುವುದು ಯಾಕೆ, ಮಹಾರಾಯ್ತಿ?

ಆಕೆಯ ದನಿ ಒಡೆಯತೊಡಗಿತು. ಸಭೆಯಿಂದ ನೇರ ಆಸ್ಪತ್ರೆಗೆ ಹೋದಾಗ ನಾನೂ ಆಕೆಯ ಚೀಲದಲ್ಲಿದ್ದೆ.

"ಗಂಟಲದಾಗ ಗಂಟು ಆಗ್ಯಾವು. ಒಂದು ತಿಂಗಳು ಮಾತು ಬಂದ್ ಮಾಡ್ರಿ. ಇಲ್ಲಾಂದ್ರ ದನೀನ ಹೋಗಿಬಿಡತೈತಿ," ಎಂದರು ಡಾಕ್ಟರು.

ಜೊತೆಗೆ ಬಂದಿದ್ದ ನೆರೆಮನೆಯ ಹಸೀನಾಬಿ ದಾರಿಯುದ್ದಕ್ಕೂ ಬೇಡಿಕೊಂಡಳು. "ಅಕ್ಕಾ, ಊರ ಉಸಾಬರಿ ಸಾಕು. ನಿನ್ನ ಗಂಟಲಾ ನೋಡ್ಕೋ."

"ನಾ ಸುಮ್ನಾದ್ರ ಮಾತಾಡವ್ರು ಯಾರು?" ಎಂದಳು ಫಕೀರವ್ವ.

ಓಣಿಯ ಮನೆಗಳನ್ನು ಕೆಡವುವ ಬಗ್ಗೆ ಸೋಮವಾರ ಕೋರ್ಟಿನಲ್ಲಿ ವಿಚಾರಣೆಯಿತ್ತು. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಜೆಸಿಬಿ ಬಂದು ನಿಂತಿತು. ಹಿಂದೆ ಪೊಲೀಸರು. ಓಣಿಯ ಹುಡುಗರು ಕಲ್ಲು ಹಿಡಿದರು. ಒಂದು ಕಲ್ಲು ಬಿದ್ದರೆ ಸಾಕು, ಲಾಠಿ ಬೀಳುತ್ತಿದ್ದವು, ಮನೆಗಳೂ ಉರುಳುತ್ತಿದ್ದವು. ಫಕೀರವ್ವ ಓಡಿಬಂದು ಜೆಸಿಬಿಯ ಮುಂದೆ ನಿಂತು, ನನ್ನನ್ನು ಎತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕಿರುಚಿದಳು. ಬರೀ ಗಾಳಿ ಬಂತು. ನಾನು ಆ ಗಾಳಿಯನ್ನೇ ದೊಡ್ಡದು ಮಾಡಿ ಎಲ್ಲರಿಗೂ ಕೇಳಿಸಿದೆ. ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ಆಕೆ ಮತ್ತೆ ಬಾಯಿ ತೆರೆದಳು. ಹಸೀನಾಬಿ ನನ್ನ ಹಿಡಿಕೆಗೆ ಕೈಹಾಕಿದಳು. ಫಕೀರವ್ವ ಬಿಡಲೊಲ್ಲಳು. ಇಬ್ಬರೂ ಜಗ್ಗಾಡಿದ್ದಕ್ಕೆ ನನ್ನ ಹಿಡಿಕೆ ಸೀಳಿತು.

"ಬಿಡಕ್ಕಾ! ನಾ ಹೇಳ್ತೀನಿ. ನನಗೂ ಬಾಯಿ ಐತಿ."

ಫಕೀರವ್ವನ ಬೆರಳು ಸಡಿಲಾದವು.

ಹಸೀನಾಬಿ ಎಂದೂ ಸಭೆಯಲ್ಲಿ ಮಾತಾಡಿದವಳಲ್ಲ. ಕೂಗಲು ಬರದೆ, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು: "ಕಲ್ಲು ಕೆಳಗ ಇಡ್ರಪಾ. ಎಲ್ಲಾರೂ ಕುಂದರ್ರಿ. ಸಾಹೇಬ್ರ, ಸೋಮವಾರ ಕೋರ್ಟ್ ಐತಿ. ಅಲ್ಲೀತನಕ ನಾವು ಏಳಂಗಿಲ್ಲ."

ಉಳಿದದ್ದನ್ನು ನಾನು ಮಾಡಿದೆ. ಆ ಮೆಲುದನಿ ಕೊನೆಯ ಮನೆಯವರೆಗೂ ಮುಟ್ಟಿತು. ಒಬ್ಬೊಬ್ಬರಾಗಿ ಕುಳಿತರು, ಕಲ್ಲು ಹಿಡಿದವರೂ ಕುಳಿತರು. ಪೊಲೀಸ್ ಸಾಹೇಬರು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಜೆಸಿಬಿ ಹಿಂದಕ್ಕೆ ಹೋಯಿತು. ಸೋಮವಾರ ಕೋರ್ಟು ತಡೆ ಕೊಟ್ಟಿತು.

ಜೆಸಿಬಿ ಹಿಂದಿರುಗಿದ ದಿನ ಫಕೀರವ್ವ ನೆಲದಲ್ಲಿ ಕುಳಿತು ಅತ್ತಳು. ಅಳುವುದಕ್ಕೂ ದನಿಯಿರಲಿಲ್ಲ.

ಈಗ ನಾನು ಮುದುಕ. ಹಿಡಿಕೆಗೆ ಟೇಪು, ಬಾಯಿಗೆ ಬಿರುಕು. ಆಕೆಯ ಮನೆಯ ಗೂಟಕ್ಕೆ ತೂಗುಬಿದ್ದಿದ್ದೇನೆ. ಸಂಘಕ್ಕೆ ಹೊಸ ಮೈಕು ಬಂದಿದೆ, ಅದನ್ನು ಹಿಡಿಯುವವರೂ ಬಹಳ ಮಂದಿ ಇದ್ದಾರೆ. ತಿಂಗಳುಗಟ್ಟಲೆ ಸುಮ್ಮನಿದ್ದ ಮೇಲೆ ಫಕೀರವ್ವನಿಗೆ ಅರ್ಧ ದನಿ ಮರಳಿತು. ಆ ಅರ್ಧವನ್ನು ಆಕೆ ಯಾವ ಮೈಕಿಗೂ ಕೊಡುವುದಿಲ್ಲ. ಸಂಜೆ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು, ಒಡಕು ದನಿಯಲ್ಲಿ, ಆ ಮಗುವಿಗಷ್ಟೇ ಕೇಳುವಂತೆ ಜೋಗುಳ ಹಾಡುತ್ತಾಳೆ. ಜೀವನವಿಡೀ ಕೂಗಿದ ನಾನು ಗೂಟದಲ್ಲಿ ಸುಮ್ಮನೆ ಕೇಳುತ್ತೇನೆ.