ಗರಡಿಮನೆಯ ಗುದ್ದಲಿ

ನಾನು ಒಂದು ಗುದ್ದಲಿ. ಹೊಲದ ಗುದ್ದಲಿಯಲ್ಲ, ಚರಂಡಿ ತೋಡುವ ಗುದ್ದಲಿಯಂತೂ ಅಲ್ಲವೇ ಅಲ್ಲ. ಚಾಮನಕೋಟೆ ಪಟ್ಟಣದ ಕಮಾನು ಬೀದಿಯಲ್ಲಿದ್ದ ಹಳೆಯ ಗರಡಿಮನೆಯ ಗುದ್ದಲಿ. ಈ ಜಂಬ ಒಂದನ್ನು ಬಿಟ್ಟರೆ ಈಗ ನನ್ನ ಹತ್ತಿರ ಏನೂ ಉಳಿದಿಲ್ಲ.

ನನ್ನನ್ನು ಬಡಿದವನು ಕಮ್ಮಾರ ವೀರಾಚಾರಿ. ಮುರಿದ ಗಾಡಿಚಕ್ರದ ಪಟ್ಟಾವನ್ನು ಕೆಂಪಗೆ ಕಾಯಿಸಿ, ಬಡಿದು ಬಡಿದು ನನಗೆ ಆಕಾರ ಕೊಟ್ಟ. ಮಾಡಿಸಲು ಬಂದಿದ್ದವರು ಗರಡಿಯ ಉಸ್ತಾದ್ ಮಾಯಿಗಯ್ಯ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ಬಾಯಿ ತೀರಾ ಚೂಪು ಮಾಡ್ಬೇಡ ಕಣಯ್ಯ, ಹುಡುಗ್ರು ಬೀಳೋ ಮಣ್ಣು ಅಗೆಯೋದು ಇದು" ಎಂದರು. ನನ್ನ ಬಗ್ಗೆ ಕೇಳಿದ ಮೊದಲ ಮಾತು ಅದು. ಮರೆತಿಲ್ಲ.

ಗರಡಿಯ ಬಾಗಿಲು ಬಹಳ ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಆಂಜನೇಯನ ಗೂಡು, ಅದರ ಮುಂದೆ ಕುಸ್ತಿಯ ಅಖಾಡ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಳ್ಳೆಣ್ಣೆ, ಅರಿಸಿನ, ಕರ್ಪೂರ ಬೆರೆಸಿ ಹದ ಮಾಡಿದ ಆ ಮಣ್ಣಿಗೆ ಮಟ್ಟಿ ಎನ್ನುತ್ತಾರೆ. ದಿನಾ ಬೆಳಗ್ಗೆ ನಾನು ಅದನ್ನು ತಿರುವಿ ಹಾಕದೆ ಯಾರೂ ಅಖಾಡಕ್ಕೆ ಇಳಿಯುತ್ತಿರಲಿಲ್ಲ. ಮೊದಲು ನನಗೆ ನಮಸ್ಕಾರ, ಆಮೇಲೆ ಮಟ್ಟಿಗೆ. ಬೀದಿಯಲ್ಲಿ ಮೀಸೆ ತಿರುವಿಕೊಂಡು ಓಡಾಡುವವರ ಬೆನ್ನಿಗೆಲ್ಲ ಮಣ್ಣು ಮೆತ್ತಿದ್ದನ್ನು ಗೋಡೆಗೆ ಒರಗಿಕೊಂಡು ನೋಡಿದ್ದೇನೆ. ನಗು ಬಂದರೂ ಗುದ್ದಲಿ ನಗುವ ಹಾಗಿಲ್ಲವಲ್ಲ!

ಮಾಯಿಗಯ್ಯ ತೀರಿಕೊಂಡ ಮೇಲೆ ಅವರ ತಂಗಿಯ ಮಗ ಶಿವನಂಜು ಉಸ್ತಾದನಾದ. ಹಗಲು ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಬೆಳಗ್ಗೆ ಸಂಜೆ ಗರಡಿ. ಅವನ ಅಂಗೈ ಮಾವನದಕ್ಕಿಂತ ಒರಟು, ಹಿಡಿತ ಮಾತ್ರ ಮೆತ್ತಗೆ.

ಅವನ ಕಾಲದಲ್ಲಿಯೇ ಕೇಡು ಬಂತು. ಗರಡಿ ಕೆಡವಿ ವಾಹನ ನಿಲ್ದಾಣ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತು. ಶಿವನಂಜು ಚಪ್ಪಲಿ ಸವೆಯುವಷ್ಟು ಕಚೇರಿ ಅಲೆದ. ನಮ್ಮ ಗರಡಿಯನ್ನೂ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ ಎಂದು ಕಂಡಕಂಡವರಿಗೆ ಕೈ ಮುಗಿದ. ಕೊನೆಗೆ ಸೇರಿಸಿದರು. ಬಾಗಿಲಿಗೆ ಫಲಕ ಬಡಿದ ದಿನ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿದರು, ನನಗೂ ಅರಿಸಿನ ಕುಂಕುಮ ಹಚ್ಚಿದರು. ಇನ್ನು ನಮ್ಮನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ನಾನೂ ಬೀಗಿದೆ.

ಮುಟ್ಟುವ ಹಾಗಿಲ್ಲ ಎಂದರೆ ಏನೆಂದು ಮರುವಾರವೇ ಗೊತ್ತಾಯಿತು. ಪಾರಂಪರಿಕ ಸಮಿತಿಯ ಅಧಿಕಾರಿ ಅನಂತಶಯನ ಬಂದರು. ಕೆಟ್ಟವರಲ್ಲ. ಗೋಡೆ ಸವರಿ, ತೊಲೆ ನೋಡಿ, ಕಣ್ಣು ತುಂಬಿಕೊಂಡರು. ಅಷ್ಟರಲ್ಲಿ ಶಿವನಂಜು ನನ್ನನ್ನು ಎತ್ತಿ ಮಟ್ಟಿಗೆ ಹಾಕಿದ.

"ಏನ್ರೀ ಮಾಡ್ತಿದ್ದೀರಿ? ಸಂರಕ್ಷಿತ ಜಾಗದಲ್ಲಿ ನೆಲ ಅಗೆಯೋ ಹಾಗಿಲ್ಲ!"

"ಸಾ, ಇದು ದಿನಾ ಅಗೆಯೋದೇ ಸಾ. ಅಗೀದೆ ಇದ್ರೆ ಕಲ್ಲಾಗೋಯ್ತದೆ."

"ನೂರಾರು ವರ್ಷದ ನೆಲ ಇದು. ಕಾಪಾಡಿ ಅಂತ ನೀವೇ ತಾನೆ ಕೇಳಿದ್ದು?"

ಶಿವನಂಜು ನನ್ನನ್ನು ಕೆಳಗಿಟ್ಟ. ಹೌದು, ಅವನೇ ಕೇಳಿದ್ದ. ಅಖಾಡದ ಸುತ್ತ ಸರಪಳಿ ಬಂತು. ನನ್ನ ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಸಂಖ್ಯೆ ಬರೆದು ಮೊಳೆಗೆ ತೂಗುಹಾಕಿದರು. ಅಗೆಯಲು ಅನುಮತಿ ಬರುತ್ತದೆ ಎಂದು ಶಿವನಂಜು ಕಾದ. ಇವತ್ತು, ನಾಳೆ, ಮುಂದಿನ ಸಭೆ. ಕೆಳಗೆ ಮಟ್ಟಿ ದಿನದಿನಕ್ಕೆ ಬಿಗಿಯುತ್ತಿತ್ತು. ಮೊದಲು ಎಣ್ಣೆಯ ವಾಸನೆ ಹೋಯಿತು, ಆಮೇಲೆ ಬಿರುಕು ಬಿಟ್ಟಿತು. ಅಷ್ಟು ಹತ್ತಿರದಲ್ಲಿದ್ದೂ ಏನೂ ಮಾಡಲಾಗದೆ ನೇತಾಡುತ್ತಿದ್ದೆ. ನನಗೆ ತುಕ್ಕು ಹಿಡಿದದ್ದು ಆಗಲೇ.

ದಸರೆ ಕುಸ್ತಿ ಹತ್ತಿರ ಬಂದಿತ್ತು. ಇಮ್ತಿಯಾಜ್ ಎಂಬ ಪೈಲ್ವಾನ, ಶಿವನಂಜುವಿನ ಕೈಯಲ್ಲೇ ಪಳಗಿದವನು, ತಡೆಯಲಾರದೆ ಸರಪಳಿ ದಾಟಿ ಇನ್ನೊಬ್ಬನೊಡನೆ ಜೋಡಿ ಹಿಡಿದ. ಎದುರಾಳಿ ಎತ್ತಿ ಹಾಕಿದ. ಎಂದಿನಂತೆ ಧಪ್ಪೆನ್ನಲಿಲ್ಲ, ಲಟಕ್ಕೆಂದಿತು. ಇಮ್ತಿಯಾಜನ ಭುಜದ ಮೂಳೆ ಮುರಿದಿತ್ತು. ಮರುದಿನದಿಂದ ಗರಡಿಗೆ ಯಾರೂ ಬರಲಿಲ್ಲ. ಶಿವನಂಜು ಒಬ್ಬನೇ ಬಂದು ಆಂಜನೇಯನಿಗೆ ದೀಪ ಹಚ್ಚಿ, ನನ್ನತ್ತ ನೋಡದೆ ಹೋಗುತ್ತಿದ್ದ.

ಆಮೇಲೆ ಸಮಿತಿಯವರು ಮತ್ತೆ ಪರಿಶೀಲನೆಗೆ ಬಂದರು. ಕಟ್ಟಡ ಪಾಳುಬಿದ್ದಿದೆ, ಕುಸ್ತಿ ನಡೆಯುತ್ತಿಲ್ಲ, ಆದ್ದರಿಂದ ಇದಕ್ಕೆ ಪಾರಂಪರಿಕ ಮಹತ್ವ ಉಳಿದಿಲ್ಲ ಎಂದು ತೀರ್ಮಾನಿಸಿದರು. ಪಟ್ಟಿಯಿಂದ ಹೆಸರು ತೆಗೆದರು. ಅನಂತಶಯನ ಮಾತ್ರ ಬೇಸರಪಟ್ಟುಕೊಂಡು, ಏನಾದರೂ ಉಳಿಯಲಿ ಎಂದು ನನ್ನನ್ನೂ ಮಟ್ಟಿಯ ಒಂದು ಹೆಂಟೆಯನ್ನೂ ನಗರದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ನಾನು ಹೊರಬೀಳುವಾಗ ಜೆಸಿಬಿ ಒಳನುಗ್ಗುತ್ತಿತ್ತು. ನನಗೆ ಒಂದು ಏಟು ಹಾಕಲು ಬಿಡದ ಅಖಾಡವನ್ನು ಅದು ಆಳುದ್ದ ಅಗೆಯಿತು. ಯಾರೂ ತಡೆಯಲಿಲ್ಲ.

ಶಿವನಂಜು ಒಮ್ಮೆ ವಸ್ತುಸಂಗ್ರಹಾಲಯಕ್ಕೆ ಬಂದ. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹೊಸ ಅಖಾಡ ಮಾಡಿದ್ದಾನಂತೆ. ಹಾಲಿಗೆ ಹೆಪ್ಪು ಹಾಕುವ ಹಾಗೆ ಹೊಸ ಮಟ್ಟಿಗೆ ಹಳೆಯ ಅಖಾಡದ ಮಣ್ಣು ಬೆರೆಸಬೇಕು, ಆಗಲೇ ಅದು ಗರಡಿ. ಮಣ್ಣು ಬದಲಿಸಿದಾಗಲೆಲ್ಲ ಮಾಯಿಗಯ್ಯನೂ ಹಾಗೆಯೇ ಮಾಡಿದ್ದರು, ಅವರ ಉಸ್ತಾದರೂ. ಜೆಸಿಬಿ ಅಗೆದ ಮಣ್ಣು ಲಾರಿಯಲ್ಲಿ ಹೋಗಿ ಯಾವುದೋ ಕೆರೆಯ ಹೊಂಡ ಸೇರಿತ್ತು. ಉಳಿದದ್ದು ಇಲ್ಲಿಯ ಆ ಹೆಂಟೆ ಮಾತ್ರ.

"ಒಂದ್ ಹಿಡಿ ಕೊಡಿ ಸಾ. ಗುದ್ದಲಿ ನೀವೇ ಮಡೀಕಳಿ. ಮಟ್ಟಿ ಒಂದ್ ಹಿಡಿ ಸಾಕು."

ಕಾವಲುಗಾರ ಅಡ್ಡಡ್ಡ ತಲೆಯಾಡಿಸಿದ. "ಹಾಗೆಲ್ಲ ಕೊಡೋಕೆ ಬರೋದಿಲ್ಲಪ್ಪ. ಸರ್ಕಾರದ ಆಸ್ತಿ. ನನ್ನ ಕೆಲ್ಸ ಹೋಯ್ತದೆ."

ಶಿವನಂಜು ಜಗಳವಾಡಲಿಲ್ಲ. ಮಟ್ಟಿಗೆ ಇಳಿಯುವ ಮುಂಚೆ ಮಾಡುತ್ತಿದ್ದಂತೆ ಬಗ್ಗಿ ನಮ್ಮನ್ನಿಟ್ಟಿದ್ದ ಪೆಟ್ಟಿಗೆಯ ಗಾಜನ್ನು ಮುಟ್ಟಿ, ಆ ಬೆರಳನ್ನು ಹಣೆಗೆ ಒತ್ತಿಕೊಂಡ. ಬೆರಳಿಗೆ ಏನೂ ಅಂಟಿರಲಿಲ್ಲ. ಮತ್ತೆ ಬರಲಿಲ್ಲ.

ಈಗ ನನ್ನನ್ನು ತುಂಬ ಚೆನ್ನಾಗಿ ನೋಡಿಕೊಳ್ಳುತ್ತಾರೆ. ತುಕ್ಕು ಕೆರೆದು ಎಣ್ಣೆ ಹಚ್ಚಿದ್ದಾರೆ, ಮೇಲೊಂದು ದೀಪ ಇಟ್ಟಿದ್ದಾರೆ. ಮಟ್ಟಿಯ ಹೆಂಟೆ ಪಕ್ಕದಲ್ಲೇ ಒಂದು ಬಾಟಲಿಯಲ್ಲಿದೆ, ಗೇಣುದ್ದ ದೂರ. ಒಂದೇ ಒಂದು ಏಟು ಹಾಕಿದರೆ ಪುಡಿಯಾಗಿ ಮೆತ್ತಗಾದೀತು. ದಿನವಿಡೀ ಅದನ್ನೇ ನೋಡುತ್ತಾ ಮಲಗಿರುತ್ತೇನೆ.